ಕರೆಗೆ ಓಗೊಡುವವರು

ಬೀಜ, ಕ್ಷೇತ್ರ ಎಂಬ ಜೋಡಿಮಾತು ನಮ್ಮಲ್ಲಿ ಬಹು ಹಳೆಯದು. ಗಂಡು ಬೀಜವಂತೆ, ಹೆಣ್ಣು ಹೊಲವಂತೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಈ ರೂಪಕವನ್ನು ಹಿಡಿದು, ಹುಟ್ಟಿದ ಮಗು ಯಾರಿಗೆ ಸೇರಬೇಕೆಂಬ ದೀರ್ಘವಾದ ವಾದವೇ ನಡೆದಿದೆ. ಶಾಸ್ತ್ರದಲ್ಲಿ ಒಡೆತನದ ಪ್ರಶ್ನೆಯಾಗಿದ್ದುದು ಮನೆಮಾತಿಗೆ ಇಳಿಯುವ ಹೊತ್ತಿಗೆ ಬೈಗುಳವಾಯಿತು: ಬಿತ್ತಿದ್ದು ಮೊಳೆಯದಿದ್ದರೆ ಅದು ಹೊಲದ ದೋಷ. ಸಂಸ್ಕೃತದ ‘ವಂಧ್ಯಾ’ ಕನ್ನಡದಲ್ಲಿ ‘ಬಂಜೆ’ ಎಂಬ ತದ್ಭವವಾಗಿ ಊರೂರಿನ ಜಗಲಿಗಳ ಮೇಲೆ ನೆಲಸಿತು. ಅದಕ್ಕೆ ಸರಿದೊರೆಯಾದ ಪುಲ್ಲಿಂಗ ಶಬ್ದವೊಂದನ್ನು ನಮ್ಮ ಆಡುಮಾತು ಇದುವರೆಗೆ ರೂಢಿಗೆ ತಂದಿಲ್ಲ. ತರಗತಿಯಲ್ಲಿ ತದ್ಭವಗಳ ಪಟ್ಟಿಯನ್ನು ಬರೆಯಿಸುವಾಗಲೆಲ್ಲ ಈ ಒಂದು ಮಾತಿನ ಮುಂದೆ ನಾನು ಕ್ಷಣಕಾಲ ತಡೆಯುತ್ತೇನೆ.

ಕಳೆದ ಇಪ್ಪತ್ತು ವರ್ಷಗಳಿಂದ ಶರೀರವಿಜ್ಞಾನದ ಪ್ರಯೋಗಶಾಲೆಗಳಿಂದ ಬರುತ್ತಿರುವ ವರ್ತಮಾನಗಳು ಈ ರೂಪಕದ ಬುಡವನ್ನೇ ಅಲುಗಿಸುವಂಥವು. ಗರ್ಭಕೋಶದ ಒಳಪದರವು ಸುಮ್ಮನೆ ಬಿದ್ದುಕೊಂಡಿರುವ ನೆಲವಲ್ಲ. ಅದು ತಿಂಗಳು ತಿಂಗಳೂ ತನ್ನನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ; ಆ ಕೆಲಸಕ್ಕೆ ಬೇಕಾದ ಕಾಂಡಕೋಶಗಳು ಅಲ್ಲಿಯೇ ಇವೆ; ಅವುಗಳನ್ನು ಎಬ್ಬಿಸಿ ಕರೆಯುವ ರಾಸಾಯನಿಕ ಸಂದೇಶಗಳು ಯಾವುವೆಂಬುದು ಒಂದೊಂದಾಗಿ ತಿಳಿದುಬರುತ್ತಿದೆ. ಗಾಯಗೊಂಡು ಬತ್ತಿಹೋದ ಒಳಪದರವನ್ನು ಈ ಸಂದೇಶಗಳ ಬಲದಿಂದಲೇ ಮತ್ತೆ ಚಿಗುರಿಸಬಹುದೆಂಬ ಆಸೆಯೂ ಹುಟ್ಟಿದೆ. ಆಸೆ ಹುಟ್ಟಿದ ಕಡೆ ಅಂಗಡಿಯೂ ಹುಟ್ಟುವುದು ಲೋಕರೂಢಿ. ಆದುದರಿಂದ ಈ ವರ್ತಮಾನವನ್ನು ಹೇಗೆ ಓದಬೇಕೆಂಬುದು ವೈದ್ಯರಿಗೆ ಮಾತ್ರ ಬಿಟ್ಟ ವಿಷಯವಾಗಿ ಉಳಿದಿಲ್ಲ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಬರೆದುದನ್ನು ನಿಧಾನವಾಗಿ ಓದಿ, ಅದು ಹೇಳುವುದೆಷ್ಟು, ಹೇಳದೆ ಬಿಟ್ಟದ್ದೆಷ್ಟು ಎಂದು ತೂಗುವುದು ನನ್ನ ಕಸುಬು. ಆ ಕಸುಬಿನ ಬಲದಿಂದಲೇ ಈ ನಾಲ್ಕು ಮಾತು.

ಮೊದಲು ಆ ಒಳಪದರದ ದಿನಚರಿಯನ್ನು ತಿಳಿಯೋಣ. ಅದಕ್ಕೆ ಎರಡು ಅಂತಸ್ತು. ಮೇಲಿನದು ತಿಂಗಳಿಗೊಮ್ಮೆ ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಕೆಳಗಿನದು, ಎಂದರೆ ಸ್ನಾಯುವಿಗೆ ಅಂಟಿಕೊಂಡ ತಳಪದರ, ಕಳಚದೆ ಉಳಿಯುತ್ತದೆ. ಸ್ರಾವ ಇನ್ನೂ ನಡೆಯುತ್ತಿರುವಾಗಲೇ ಈ ತಳಪದರದಿಂದ ದುರಸ್ತಿ ಮೊದಲಾಗಿ, ಐದಾರು ದಿನಗಳಲ್ಲಿ ಹಸಿಗಾಯವೆಲ್ಲ ಹೊಸ ಹೊದಿಕೆಯಿಂದ ಮುಚ್ಚಿಹೋಗುತ್ತದೆ. ಒಬ್ಬ ಹೆಂಗಸಿನ ಬಾಳಿನಲ್ಲಿ ಇದು ಸುಮಾರು ೪೦೦ ಸಲ ನಡೆಯುತ್ತದೆ; ಆದರೂ ಕಲೆ ಉಳಿಯುವುದಿಲ್ಲ. ಬಾಲ್ಯದಲ್ಲಿ ಬಿದ್ದು ಮೊಣಕಾಲು ಒಮ್ಮೆ ಹರಿದರೆ ಅದರ ಗುರುತನ್ನು ಮುಪ್ಪಿನವರೆಗೆ ಹೊತ್ತು ತಿರುಗುವ ನಮ್ಮ ಶರೀರದಲ್ಲಿಯೇ, ನೂರಾರು ಸಲ ಗಾಯಗೊಂಡು ನೂರಾರು ಸಲ ಕಲೆಯಿಲ್ಲದೆ ಮಾಯುವ ಇಂಥದೊಂದು ಸ್ಥಳವಿದೆಯೆಂಬುದು ಸಾಮಾನ್ಯ ಸಂಗತಿಯಲ್ಲ. ನಾವು ಮೈಲಿಗೆಯೆಂದು ಹೊರಗೆ ಕೂರಿಸಿದ ಆ ಸ್ರಾವದಲ್ಲಿಯೂ ಕಾಂಡಕೋಶಗಳ ಲಕ್ಷಣವುಳ್ಳ ಜೀವಕಣಗಳಿವೆಯೆಂದು ೨೦೦೭ರಲ್ಲಿ ಸಂಶೋಧಕರು ವರದಿ ಮಾಡಿದರು.

ಈ ಕಾಂಡಕೋಶವೆಂಬ ಮಾತಿಗೂ ಒಂದು ಚರಿತ್ರೆಯಿದೆ. ಇಂಗ್ಲಿಷಿನ ‘ಸ್ಟೆಮ್’ ಎಂಬುದನ್ನು ಗಿಡದ ಕಾಂಡವೆಂದು ಹಿಡಿದು ನಾವು ಈ ಹೆಸರನ್ನು ಮಾಡಿಕೊಂಡೆವು. ಅದರ ಮೂಲವಾದ ಜರ್ಮನ್ ಶಬ್ದವನ್ನು ೧೮೬೮ರಲ್ಲಿ ಬಳಕೆಗೆ ತಂದ ಎರ್ನ್ಸ್ಟ್ ಹೆಕೆಲ್‌ನ ಮನಸ್ಸಿನಲ್ಲಿದ್ದುದು ವಂಶವೃಕ್ಷದ ಬೊಡ್ಡೆ. ಮೂಲಪುರುಷ ಎನ್ನುವಂತೆ ಮೂಲಕೋಶವೆಂದಿದ್ದರೆ ಅರ್ಥ ಇನ್ನಷ್ಟು ಹತ್ತಿರವಾಗುತ್ತಿತ್ತು. ಆದರೂ ರೂಢಿ ಬಲವತ್ತರವಾದುದು, ಕಾಂಡಕೋಶವೆಂದೇ ಕರೆಯೋಣ. ತಾನೂ ಉಳಿದು ತನ್ನಿಂದ ಬೇರೆ ಬೇರೆ ಕೆಲಸದ ಕಣಗಳನ್ನೂ ಹುಟ್ಟಿಸಬಲ್ಲ ಕಣವೆಂಬುದು ಇಲ್ಲಿಯ ತಾತ್ಪರ್ಯ. ೨೦೦೪ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಕ್ಯಾರೊಲಿನ್ ಗಾರ್ಗೆಟ್ ಮತ್ತು ಅವರ ಸಂಗಡಿಗರು ಗರ್ಭಕೋಶದ ಒಳಪದರದ ಕಣಗಳನ್ನು ಬಿಡಿಸಿ, ಅವುಗಳಲ್ಲಿ ಯಾವುದು ಒಂಟಿಯಾಗಿಯೇ ಸಂಸಾರ ಹೂಡಿ ಹಿಂಡಾಗಿ ಬೆಳೆಯಬಲ್ಲದೆಂದು ಪರೀಕ್ಷಿಸಿದರು. ಹೊದಿಕೆಯ ಕಣಗಳಲ್ಲಿ ಸಾವಿರಕ್ಕೆ ಸುಮಾರು ಎರಡು, ಅದಕ್ಕೆ ಆಧಾರವಾಗಿರುವ ಅಂಗಾಂಶದ ಕಣಗಳಲ್ಲಿ ನೂರಕ್ಕೆ ಸುಮಾರು ಒಂದು ಮಾತ್ರ ಈ ಶಕ್ತಿಯನ್ನು ತೋರಿದವು. ಅಷ್ಟು ದೊಡ್ಡ ಕೆಲಸವನ್ನು ನಡೆಸುವವರು ಅಷ್ಟು ಕಡಿಮೆ ಮಂದಿ. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಇವುಗಳನ್ನು ಎಬ್ಬಿಸುವವರಾರು? ೧೯೦೫ರಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ‘ಹಾರ್ಮೋನ್’ ಎಂಬ ಹೆಸರನ್ನು ಗ್ರೀಕಿನಿಂದ ಮಾಡಿಕೊಂಡಾಗ ‘ಎಬ್ಬಿಸು, ಪ್ರೇರಿಸು’ ಎಂಬ ಅರ್ಥದ ಧಾತುವನ್ನೇ ಆರಿಸಿದನು. ಅಂಡಾಶಯದಿಂದ ಹೊರಡುವ ಈಸ್ಟ್ರೊಜೆನ್ ಒಳಪದರವನ್ನು ಬೆಳೆಸುತ್ತದೆಂಬುದು ಹಳೆಯ ಮಾತು. ಆದರೆ ಅದು ನೇರವಾಗಿ ಹೊದಿಕೆಯ ಕಣದ ಕಿವಿಯಲ್ಲಿ ಹೇಳುವುದಿಲ್ಲವೆಂದು ೧೯೯೭ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೊಂದು ತೋರಿಸಿತು. ಈಸ್ಟ್ರೊಜೆನ್ನಿನ ಮಾತನ್ನು ಕೇಳುವುದು ಪಕ್ಕದ ಆಧಾರ ಅಂಗಾಂಶ. ಅದು ತನ್ನದೇ ಸಂದೇಶಗಳನ್ನು ಹೊರಡಿಸಿ ನೆರೆಯ ಹೊದಿಕೆಯ ಕಣಗಳನ್ನು ಬೆಳೆಯಲು ಹಚ್ಚುತ್ತದೆ. ಊರ ಸಾರುವವನು ಚಾವಡಿಯಲ್ಲಿ ಸಾರಿದ್ದನ್ನು ನೆರೆಮನೆಯಾಕೆ ಬಂದು ಒಳಗಿನವರಿಗೆ ಹೇಳಿದ ಹಾಗೆ. ನೆರೆಮನೆ ಪಾಳುಬಿದ್ದಿದ್ದರೆ ಸಾರಿದವನ ದನಿ ಎಷ್ಟು ದೊಡ್ಡದಾಗಿದ್ದರೇನು?

ಈ ಸಂದೇಶಗಳ ಪಟ್ಟಿ ದೊಡ್ಡದು. ೨೦೧೭ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಹಾಗೂ ಬೆಲ್ಜಿಯಮ್ಮಿನ ಲ್ಯೂವೆನ್ ನಗರಗಳ ಎರಡು ಗುಂಪುಗಳು ಮಾನವ ಗರ್ಭಕೋಶದ ಒಳಪದರದ ಗ್ರಂಥಿಗಳನ್ನು ಗಾಜಿನ ತಟ್ಟೆಯಲ್ಲಿ ಪುಟ್ಟ ಗೋಳಗಳಾಗಿ ಬೆಳೆಸಿ, ತಿಂಗಳುಗಟ್ಟಲೆ ಉಳಿಸಿಕೊಳ್ಳುವ ಬಗೆಯನ್ನು ಕಂಡುಕೊಂಡವು. ಅದಕ್ಕೆ ಅವರು ಉಣಿಸಿದ ರಸದಲ್ಲಿ ಬೆಳವಣಿಗೆಗೆ ಕರೆಯುವ ಅಣುಗಳಿದ್ದವು: ಹೊದಿಕೆಯ ಕಣಗಳನ್ನು ಬೆಳೆಸುವ ಇ.ಜಿ.ಎಫ್., ಕಾಂಡಕೋಶಗಳ ಶಕ್ತಿಯನ್ನು ಕಾಯುವ ಆರ್-ಸ್ಪಾಂಡಿನ್, ಇನ್ನೂ ಕೆಲವು. ನನ್ನ ಗಮನವನ್ನು ಸೆಳೆದ ಸಂಗತಿ ಇನ್ನೊಂದು. ಅದೇ ರಸದಲ್ಲಿ ಟಿ.ಜಿ.ಎಫ್.-ಬೀಟಾ ಎಂಬ ಸಂದೇಶದ ಬಾಯಿಕಟ್ಟುವ ವಸ್ತುವನ್ನೂ ಬೆರೆಸಿದ್ದರು. ಈ ಟಿ.ಜಿ.ಎಫ್.-ಬೀಟಾ ಗಾಯ ಮಾಯುವಲ್ಲಿ ಪಾಲುಗೊಳ್ಳುವ ಅಣುವೇ. ಆದರೆ ಅದರ ಕೈ ಮೇಲಾದರೆ ನಾರು ಬೆಳೆದು ಕಲೆ ಕಟ್ಟುತ್ತದೆ. ಎಂದ ಮೇಲೆ ದುರಸ್ತಿಗೆ ಕರೆದರಷ್ಟೇ ಸಾಲದು. ಯಾವ ದನಿ ಏಳಬೇಕು, ಯಾವ ದನಿ ಅಡಗಬೇಕು ಎಂಬ ವಿವೇಕವೂ ಬೇಕು.

ಕರೆ ಒಳಪದರದ ಎಲ್ಲೆಯನ್ನು ದಾಟಿ ಇನ್ನೂ ದೂರ ಹೋಗುತ್ತದೆಂದು ತೋರಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಹ್ಯೂ ಟೇಲರ್. ರಕ್ತದ ಕಾಯಿಲೆಗಾಗಿ ಬೇರೆಯವರ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡಿದ್ದ ನಾಲ್ವರು ಹೆಂಗಸರ ಗರ್ಭಕೋಶದ ಒಳಪದರವನ್ನು ಅವರು ಪರೀಕ್ಷಿಸಿದಾಗ, ಅಲ್ಲಿ ಮಜ್ಜೆಯನ್ನು ಕೊಟ್ಟವರ ಕಣಗಳು ಕಂಡುಬಂದವು. ೨೦೦೪ರಲ್ಲಿ ಪ್ರಕಟವಾದ ಈ ವರದಿಯಿಂದ ಮಜ್ಜೆಯ ಕಣಗಳು ರಕ್ತದ ದಾರಿ ಹಿಡಿದು ಗರ್ಭಕೋಶಕ್ಕೆ ಬರಬಲ್ಲವೆಂಬುದು ಗೊತ್ತಾಯಿತು. ಹಾಗೆ ಬರಮಾಡುವ ಕರೆಯೋಲೆ ಯಾವುದು? ಅಂಥವುಗಳಲ್ಲಿ ಒಂದಕ್ಕೆ ಸಿ.ಎಕ್ಸ್.ಸಿ.ಎಲ್.-೧೨ ಎಂದು ಹೆಸರು. ೨೦೧೭ರಲ್ಲಿ ಟೇಲರ್ ಅವರ ಗುಂಪು ಗರ್ಭಕೋಶಕ್ಕೆ ಗಾಯವಾದ ಇಲಿಗಳಿಗೆ ಈ ಅಣುವನ್ನು ಕೊಟ್ಟು ನೋಡಿತು. ನಾರುಗಟ್ಟುವುದು ಕಡಮೆಯಾಯಿತು, ಇಲಿಗಳು ಗರ್ಭ ಧರಿಸುವುದು ಹೆಚ್ಚಿತು. ಹೊರಗಿನಿಂದ ಕಾಂಡಕೋಶಗಳನ್ನು ತುಂಬದೆ, ಕರೆಯೋಲೆಯೊಂದನ್ನೇ ಕಳುಹಿಸಿದರೂ ಶರೀರ ತನ್ನವರನ್ನು ತಾನೇ ಕರೆಸಿಕೊಳ್ಳಬಹುದೆಂಬ ಸೂಚನೆ ಇದರಿಂದ ಸಿಕ್ಕಿತು.

ಇನ್ನು ಗಾಯದ ಕಥೆ. ತಳಪದರಕ್ಕೇ ಪೆಟ್ಟು ಬಿದ್ದರೆ ಕಲೆಯಿಲ್ಲದೆ ಮಾಯುವ ಆ ವರ ಕೈತಪ್ಪುತ್ತದೆ. ಗರ್ಭಕೋಶದ ಎದುರು ಬದುರಿನ ಗೋಡೆಗಳು ನಾರಿನ ಎಳೆಗಳಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮುಟ್ಟು ಕಡಮೆಯಾಗುತ್ತದೆ, ಇಲ್ಲವೆ ನಿಲ್ಲುತ್ತದೆ, ಗರ್ಭ ನಿಲ್ಲುವುದಿಲ್ಲ. ೧೮೯೪ರಲ್ಲಿಯೇ ಹೈನ್ರಿಷ್ ಫ್ರಿಟ್ಷ್ ಇಂಥದೊಂದು ಪ್ರಕರಣವನ್ನು ಬರೆದಿಟ್ಟಿದ್ದನು. ೧೯೪೮ರಲ್ಲಿ ಜೋಸೆಫ್ ಆಶರ್ಮನ್ ೨೯ ಹೆಂಗಸರ ವೃತ್ತಾಂತವನ್ನು ವಿವರಿಸಿದ ಮೇಲೆ ಈ ವ್ಯಾಧಿಗೆ ಆಶರ್ಮನ್ ಲಕ್ಷಣಕೂಟವೆಂಬ ಹೆಸರು ನಿಂತಿತು. ಇದರ ಮುಖ್ಯ ಕಾರಣ ಶರೀರದೊಳಗಿನ ದೋಷವಲ್ಲ, ವೈದ್ಯನ ಕೈಯಲ್ಲಿನ ಸಲಕರಣೆ. ಹೆರಿಗೆಯ ಅನಂತರ ಮಾಸು ಉಳಿದಾಗ, ಗರ್ಭಪಾತವಾದಾಗ, ಒಳಗನ್ನು ಕೆರೆದು ತೆಗೆಯುವ ಕ್ರಮವೊಂದಿದೆ. ಜನ ಅದನ್ನು ‘ಡಿ ಅಂಡ್ ಸಿ’ ಎಂದೋ ‘ಕ್ಲೀನ್ ಮಾಡಿಸುವುದು’ ಎಂದೋ ಹೇಳುತ್ತಾರೆ. ಹಾಗೆ ಮಾಡಿಸಿಕೊಂಡವರಿಗೆಲ್ಲ ಈ ವ್ಯಾಧಿ ಬರುತ್ತದೆಂದು ತಿಳಿದು ಯಾರೂ ಹೆದರಬೇಕಾಗಿಲ್ಲ. ಆದರೆ ಚೂಪಾದ ಸಲಕರಣೆ ಆಳಕ್ಕೆ ಹೋದರೆ, ಅದೂ ಬಾಣಂತಿಯ ಮೆತ್ತಗಿನ ಗರ್ಭಕೋಶದಲ್ಲಿ, ಕೆರೆದುಹೋಗುವುದು ಆ ತಳಪದರವೇ.

ನಮ್ಮ ದೇಶದಲ್ಲಿ ಇನ್ನೊಂದು ಕಾರಣವಿದೆ, ಕ್ಷಯ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಭಾರತದವರು. ಶ್ವಾಸಕೋಶದ ಕ್ಷಯ ರಕ್ತದ ಮೂಲಕ ಗರ್ಭನಾಳಗಳಿಗೂ ಅಲ್ಲಿಂದ ಗರ್ಭಕೋಶಕ್ಕೂ ಇಳಿಯಬಲ್ಲದು. ಕೆಮ್ಮಿಲ್ಲದೆ, ಸದ್ದಿಲ್ಲದೆ ಒಳಪದರವನ್ನು ತಿಂದುಹಾಕಬಲ್ಲದು. ಎಷ್ಟೋ ಹೆಂಗಸರಲ್ಲಿ ಮಕ್ಕಳಾಗಲಿಲ್ಲವೆಂದು ಪರೀಕ್ಷೆ ಮಾಡಿಸಿದಾಗಲೇ ಅದು ಪತ್ತೆಯಾಗುತ್ತದೆ. ಅಷ್ಟರೊಳಗೆ ಮನೆಯವರು ಆಕೆಗೆ ಆ ಹಳೆಯ ತದ್ಭವವನ್ನು ಅಂಟಿಸಿ ಆಗಿರುತ್ತದೆ.

ಚಿಕಿತ್ಸೆಯೇನು? ದರ್ಶಕ ನಳಿಗೆಯನ್ನು ಒಳಗಿಳಿಸಿ ಅಂಟಿದ ಎಳೆಗಳನ್ನು ಕತ್ತರಿಸಿ ಬಿಡಿಸುವುದು, ಬಳಿಕ ಈಸ್ಟ್ರೊಜೆನ್ ಕೊಡುವುದು ಇಂದಿನ ಕ್ರಮ. ಹಗುರವಾದ ಪ್ರಕರಣಗಳಲ್ಲಿ ಇದು ಫಲ ಕೊಡುತ್ತದೆ. ಕಠಿಣವಾದವುಗಳಲ್ಲಿ ಗೋಡೆಗಳು ಮತ್ತೆ ಅಂಟಿಕೊಳ್ಳುವುದುಂಟು. ಇಂಥ ಕಠಿಣ ಪ್ರಕರಣಗಳಿಗಾಗಿಯೇ ಹೊಸ ಪ್ರಯತ್ನಗಳು. ೨೦೧೧ರಲ್ಲಿ ನಮ್ಮ ಅಹಮದಾಬಾದಿನ ವೈದ್ಯರು ತೀವ್ರವಾದ ಆಶರ್ಮನ್ ವ್ಯಾಧಿಯಿದ್ದ ಒಬ್ಬ ಹೆಂಗಸಿಗೆ ಆಕೆಯದೇ ಮಜ್ಜೆಯ ಕಾಂಡಕೋಶಗಳನ್ನು ಬಳಸಿ, ಒಳಪದರ ಬೆಳೆದ ಮೇಲೆ ಪ್ರನಾಳ ಶಿಶುವಿನ ವಿಧಾನದಿಂದ ಗರ್ಭ ನಿಂತ ಸಂಗತಿಯನ್ನು ಪ್ರಕಟಿಸಿದರು. ೨೦೧೬ರಲ್ಲಿ ಸ್ಪೇನಿನ ವೈದ್ಯರು ೧೬ ಮಂದಿಯಲ್ಲಿ ಇದೇ ಬಗೆಯ ಚಿಕಿತ್ಸೆಯನ್ನು ಪೂರೈಸಿದರು. ಮಜ್ಜೆಯ ಆಯ್ದ ಕಣಗಳನ್ನು ಗರ್ಭಕೋಶಕ್ಕೆ ರಕ್ತವೊಯ್ಯುವ ಸಣ್ಣ ಧಮನಿಗಳಿಗೇ ಸೇರಿಸಿದಾಗ ಮುಟ್ಟು ಚೇತರಿಸಿತು. ಮೂವರು ತಾವಾಗಿಯೇ ಗರ್ಭಿಣಿಯರಾದರು. ಭ್ರೂಣವನ್ನು ಇರಿಸಿದ ಮೇಲೆ ಇನ್ನೂ ಏಳು ಗರ್ಭಗಳು ನಿಂತವು. ಸಂತೋಷದ ವಾರ್ತೆಯೇ ಸರಿ. ಆದರೆ ಅದೇ ವರದಿಯನ್ನು ಕೊನೆಯವರೆಗೆ ಓದಬೇಕು. ಮುಟ್ಟಿನ ಚೇತರಿಕೆ ಮೊದಲ ಮೂರು ತಿಂಗಳು ಚೆನ್ನಾಗಿದ್ದು, ಆರು ತಿಂಗಳ ಹೊತ್ತಿಗೆ ಕ್ರಮೇಣ ಇಳಿಯಿತು. ಚಿಕಿತ್ಸೆ ಪಡೆಯದವರೊಡನೆ ಹೋಲಿಸಿ ನೋಡುವ ಏರ್ಪಾಡೂ ಅಲ್ಲಿ ಇರಲಿಲ್ಲ.

ಹೋಲಿಕೆ ಏಕೆ ಬೇಕೆಂಬುದಕ್ಕೆ ಜಿ-ಸಿ.ಎಸ್.ಎಫ್. ಎಂಬ ಇನ್ನೊಂದು ಸಂದೇಶಾಣುವಿನ ಕಥೆ ಸಾಕು. ಮಜ್ಜೆಯಿಂದ ಕಣಗಳನ್ನು ಹೊರಡಿಸುವ ಈ ಅಣುವನ್ನು ನ್ಯೂಯಾರ್ಕಿನ ಒಂದು ಕೇಂದ್ರದ ವೈದ್ಯರು ಒಳಪದರ ತೆಳ್ಳಗಾಗಿದ್ದ ನಾಲ್ವರಿಗೆ ಗರ್ಭಕೋಶದೊಳಗೆ ಕೊಟ್ಟರು. ನಾಲ್ವರಿಗೂ ಗರ್ಭ ನಿಂತಿತು. ಅದು ೨೦೧೧ರ ವರದಿ. ನಾಲ್ಕಕ್ಕೆ ನಾಲ್ಕು! ಇದಕ್ಕಿಂತ ಬೇರೆ ಪ್ರಮಾಣ ಬೇಕೆ ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಅದೇ ಕೇಂದ್ರದವರು, ಮೆಚ್ಚಬೇಕಾದ ಪ್ರಾಮಾಣಿಕತೆಯಿಂದ, ಪ್ರನಾಳ ಶಿಶುವಿನ ಚಿಕಿತ್ಸೆಗೆ ಬಂದ ೧೪೧ ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಆ ಅಣುವನ್ನೂ ಇನ್ನೊಂದಕ್ಕೆ ಬರಿಯ ಉಪ್ಪುನೀರನ್ನೂ ಕೊಟ್ಟು ನೋಡಿದರು. ೨೦೧೪ರಲ್ಲಿ ಫಲಿತಾಂಶ ಬಂತು: ಒಳಪದರದ ದಪ್ಪದಲ್ಲಾಗಲಿ ಗರ್ಭ ನಿಲ್ಲುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಇವರೆಲ್ಲ ತೆಳ್ಳಗಿನ ಪದರದವರೇ ಅಲ್ಲವಾದ್ದರಿಂದ ಆ ಪ್ರಶ್ನೆ ಪೂರ್ತಿ ಮುಗಿಯಲಿಲ್ಲವೆನ್ನುವುದು ನಿಜ. ಆದರೂ ನಾಲ್ವರ ಕಥೆಗೂ ನೂರ ನಲವತ್ತೊಂದು ಮಂದಿಯ ಲೆಕ್ಕಕ್ಕೂ ಇರುವ ಅಂತರವೇ ಆಸೆಗೂ ಅರಿವಿಗೂ ಇರುವ ಅಂತರ.

ಕರೆ ಕೆಲವೆಡೆ ಫಲಿಸಿ ಕೆಲವೆಡೆ ಸೋಲುವುದೇಕೆ? ನನಗೆ ತೋರುವಂತೆ ಉತ್ತರದ ಬಹುಭಾಗ ಮೊದಲೇ ಹೇಳಿದ ಆ ಸಂಖ್ಯೆಯಲ್ಲಿದೆ. ಸಾವಿರಕ್ಕೆ ಎರಡು, ನೂರಕ್ಕೆ ಒಂದು. ಸಂದೇಶಾಣು ಸ್ವತಃ ಏನನ್ನೂ ಕಟ್ಟುವುದಿಲ್ಲ. ಅದು ಕರೆಯುತ್ತದೆ, ಅಷ್ಟೆ. ಓಗೊಡುವ ಕೆಲವೇ ಕಣಗಳು ಉಳಿದಿದ್ದರೆ, ಅವುಗಳ ನೆರೆಯ ಅಂಗಾಂಶ ಬದುಕಿದ್ದರೆ, ರಕ್ತ ಹರಿಯುವ ದಾರಿ ತೆರೆದಿದ್ದರೆ ಕೆಲಸ ನಡೆಯುತ್ತದೆ. ಕ್ಷಯವೋ ಕತ್ತಿಯೋ ತಳಪದರವನ್ನೇ ಅಳಿಸಿ ನಾರು ತುಂಬಿದ ಕಡೆ ಕೂಗು ಬರಿಯ ಕೂಗಾಗಿಯೇ ಉಳಿಯುವ ಭಯವಿದೆ. ಇಲಿಯಲ್ಲಿ ಗೆದ್ದುದು ಮನುಷ್ಯರಲ್ಲಿಯೂ ಗೆಲ್ಲಬೇಕೆಂಬ ನಿಯಮವಿಲ್ಲ. ಪ್ರಯೋಗಶಾಲೆಯ ಇಲಿ ಮುಟ್ಟಾಗುವ ಪ್ರಾಣಿಯಲ್ಲ. ತಿಂಗಳಿಗೊಮ್ಮೆ ಕಳಚಿ ಕಟ್ಟುವ ಈ ವ್ಯವಹಾರವೇ ಅದಕ್ಕೆ ಗೊತ್ತಿಲ್ಲ.

ಈಗ ನಮ್ಮ ನಾಡಿನ ಕಡೆ ತಿರುಗೋಣ. ನಗರಗಳಲ್ಲಿ ಮಾತ್ರವೇ ಇದ್ದ ಬಂಜೆತನ ಚಿಕಿತ್ಸಾಲಯಗಳ ಫಲಕಗಳು ಇಂದು ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣದ ಎದುರಿಗೂ ಬಂದಿವೆ. ಅವುಗಳಲ್ಲಿ ನಿಷ್ಠೆಯಿಂದ ದುಡಿಯುವ ವೈದ್ಯರಿದ್ದಾರೆ. ಅವರಿಂದ ಮಡಿಲು ತುಂಬಿದ ಸಂಸಾರಗಳೂ ಇವೆ. ಆದರೆ ‘ಕಾಂಡಕೋಶ’ ಎಂಬ ಮಾತು ಜಾಹೀರಾತಿಗೆ ಇಳಿದಾಗ ನಾವು ಎಚ್ಚರವಾಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ೨೦೧೭ರಲ್ಲಿ ಹೊರಡಿಸಿದ ಮಾರ್ಗದರ್ಶಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ರಕ್ತದ ಕಾಯಿಲೆಗಳೇ ಮೊದಲಾದ ಒಪ್ಪಿತವಾದ ಕೆಲವಕ್ಕೆ ಮಾಡುವ ರಕ್ತೋತ್ಪಾದಕ ಕಾಂಡಕೋಶಗಳ ಕಸಿಯನ್ನು ಬಿಟ್ಟರೆ, ಉಳಿದೆಲ್ಲ ಬಳಕೆಯೂ ಅನುಮತಿ ಪಡೆದ ಪ್ರಯೋಗದ ಚೌಕಟ್ಟಿನೊಳಗೇ ನಡೆಯಬೇಕು, ಅದರ ಹೊರಗೆ ಮಾಡಿದ್ದು ದುರಾಚಾರ. ಇತ್ತ ೨೦೨೧ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯಿದೆಯ ಕೆಳಗೆ ೨೦೨೨ರಲ್ಲಿ ಬಂದ ನಿಯಮಗಳು, ಬೇರೊಬ್ಬಳಿಂದ ಮಗುವನ್ನು ಹೊರಿಸಿಕೊಳ್ಳಲು ಒಪ್ಪಬಹುದಾದ ವೈದ್ಯಕೀಯ ಕಾರಣಗಳಲ್ಲಿ ಗರ್ಭಕೋಶದ ಅಂಟುಗಳನ್ನೂ ತೆಳ್ಳಗಿನ ಒಳಪದರವನ್ನೂ ಹೆಸರಿಸಿಯೇ ಸೇರಿಸಿವೆ. ಈ ಪದರದ ಗತಿ ಈಗ ಕಾನೂನಿನ ಪುಟವನ್ನೂ ಹೊಕ್ಕಿದೆ ಎಂದಾಯಿತು. ಒಂದು ಕಡೆ ಪರೀಕ್ಷೆ ಮುಗಿಯದ ಚಿಕಿತ್ಸೆ, ಇನ್ನೊಂದು ಕಡೆ ಇನ್ನೊಬ್ಬಳ ಗರ್ಭ. ಇವೆರಡರ ನಡುವೆ ನಿಂತ ಹೆಂಗಸಿಗೆ ಹೊಲ ಮಾರಿ ಹಣ ತರುವ ಗಂಡನಿರಬಹುದು, ನಿಜವನ್ನು ಬಿಡಿಸಿ ಹೇಳುವವರು ಕಡಮೆ.

ಆದುದರಿಂದ ಹೊಸ ಚಿಕಿತ್ಸೆಯ ಮಾತು ಬಂದಾಗ ಓದುಬರಹ ಬಲ್ಲ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಇದನ್ನು ಎಷ್ಟು ಮಂದಿಯಲ್ಲಿ, ಯಾರೊಡನೆ ಹೋಲಿಸಿ ನೋಡಿದ್ದಾರೆ? ಇದು ಅನುಮತಿಯುಳ್ಳ ಪ್ರಯೋಗವೋ, ಬೆಲೆ ಕಟ್ಟಿ ಮಾರುವ ಸರಕೋ? ಈ ರೋಗಿಯ ತಳಪದರದಲ್ಲಿ ಉಳಿದಿರುವುದೆಷ್ಟು ಎಂದು ಮೊದಲು ನೋಡಿದ್ದಾರೆಯೆ? ಮನೆಯಲ್ಲಿ, ಬಂಧುಗಳಲ್ಲಿ, ನಮ್ಮ ವಿದ್ಯಾರ್ಥಿನಿಯರಲ್ಲಿ ಯಾರಿಗಾದರೂ ಈ ಸಂದರ್ಭ ಒದಗಿದರೆ ಅವರ ಪರವಾಗಿ ಈ ಪ್ರಶ್ನೆಗಳನ್ನು ಕೇಳುವುದು ಅವಿನಯವಲ್ಲ. ಕನ್ನಡದಲ್ಲಿ ಇಂಥ ಮಾತನ್ನು ಆಡುವುದಕ್ಕೆ ಸಂಕೋಚವೂ ಬೇಡ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ಬಹಳ ಹಿಂದೆಯೇ ಆ ಸಂಕೋಚವನ್ನು ಮುರಿದು ಕೊಟ್ಟಿದ್ದಾರೆ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯವಾದುದು. ಕಳೆದುಹೋದುದನ್ನು ಮತ್ತೆ ಕರೆಯುವ ವಿದ್ಯೆ ಇನ್ನೂ ಎಳೆಯದು, ಅದು ಬೆಳೆಯಲಿ. ಆದರೆ ಇರುವುದನ್ನು ಕಳೆಯದಂತೆ ಕಾಯುವ ವಿದ್ಯೆ ಆಗಲೇ ನಮ್ಮ ಕೈಯಲ್ಲಿದೆ. ಗರ್ಭಪಾತದ ಚಿಕಿತ್ಸೆಯಲ್ಲಿ ಚೂಪಾದ ಸಲಕರಣೆಯಿಂದ ಕೆರೆಯುವ ಕ್ರಮ ಹಳತಾಯಿತು, ಅದರ ಬದಲು ಹೀರಿ ತೆಗೆಯುವ ವಿಧಾನವನ್ನೋ ಔಷಧಿಯನ್ನೋ ಬಳಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೨ರಲ್ಲಿ ಹೇಳಿತು. ೨೦೨೨ರಲ್ಲಿ ಮತ್ತೆ ಹೇಳಿತು. ಹೀರುವ ಆ ಸಲಕರಣೆ ದೊಡ್ಡ ಯಂತ್ರವೇನೂ ಅಲ್ಲ. ಕೈಯಿಂದ ನಡೆಸುವ, ವಿದ್ಯುತ್ತಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿಯೂ ನಡೆಯುವಂಥದು. ಕ್ಷಯವನ್ನು ಬೇಗ ಗುರುತಿಸಿದರೆ ಅದಕ್ಕೆ ಸರಕಾರದ ಆಸ್ಪತ್ರೆಗಳಲ್ಲಿ ಉಚಿತವಾದ ಔಷಧಿಯಿದೆ. ಮುಟ್ಟು ಕಾರಣವಿಲ್ಲದೆ ಕಡಮೆಯಾದ ಹುಡುಗಿ ಅದನ್ನು ತಾಯಿಯ ಮುಂದೆ ಹೇಳಬಲ್ಲಳಾದರೆ, ತಾಯಿ ಅದನ್ನು ವೈದ್ಯರ ಮುಂದೆ ಹೇಳಬಲ್ಲಳಾದರೆ, ರೋಗದ ಪತ್ತೆ ವರ್ಷಗಳಷ್ಟು ಮುಂ‌ಚೆಯೇ ಆಗಬಹುದು. ಇವು ಯಾವುವೂ ಪತ್ರಿಕೆಯ ಮುಖಪುಟಕ್ಕೆ ಬರುವ ಅದ್ಭುತಗಳಲ್ಲ. ಆದರೆ ಸಾವಿರಕ್ಕೆ ಎರಡರಂತೆ ಇರುವ ಆ ಕಣಗಳನ್ನು ಉಳಿಸುವ ದಾರಿಗಳು ಇವೇ. ಮುಂದೊಂದು ದಿನ ವಿಜ್ಞಾನ ಸರಿಯಾದ ಕರೆಯೋಲೆಯನ್ನು ಬರೆದು ಕಳುಹಿಸಿದಾಗ, ಅದನ್ನು ತೆಗೆದುಕೊಳ್ಳಲು ಬಾಗಿಲಲ್ಲಿ ಯಾರಾದರೂ ಇರಬೇಕಲ್ಲವೆ?